ಹೊಗೆ ಬಂದಾಗ ಒಗ್ಗರಣೆಗೆ ರಜೆ ಕೊಡಿ

2020ರ ಆಗಸ್ಟ್ ಮಧ್ಯದಲ್ಲಿ ಉತ್ತರ ಕ್ಯಾಲಿಫೋರ್ನಿಯಾದಲ್ಲಿ ಮಳೆ ಇಲ್ಲದೆ ಬರೀ ಸಿಡಿಲು ಬಿತ್ತು. ಕೆಳಗಿನ ಗಾಳಿ ಎಷ್ಟು ಒಣಗಿತ್ತೆಂದರೆ ಹನಿ ನೆಲ ಮುಟ್ಟುವ ಮೊದಲೇ ಆವಿಯಾಗುತ್ತಿತ್ತು. ನಾಪಾ ಕಡೆ, ಸಾಂತಾ ಕ್ರೂಜ್ ಬೆಟ್ಟ, ಸ್ಯಾನ್ ಹೊಸೆಯ ಪೂರ್ವದ ಗುಡ್ಡ, ಎಲ್ಲ ಕಡೆ ಬೆಂಕಿ ಹತ್ತಿ ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾ ವಾರಗಟ್ಟಲೆ ಹೊಗೆಯಲ್ಲಿತ್ತು. ಇಂಥದ್ದು ಮತ್ತೆ ಬರುತ್ತದೆ. ಅಲ್ಲಿ ಫ್ರೀಮಾಂಟ್, ಸನ್ನಿವೇಲ್ ಕಡೆ ಇರುವ ನಮ್ಮವರಿಗೆ ಈ ಸಲಹೆಗಳು ಬೇಕಾಗುತ್ತವೆ.

ಮೊದಲು, ಆಕಾಶ ನೋಡಿ ತೀರ್ಮಾನ ಮಾಡಬೇಡಿ. ಅದೇ ವರ್ಷ ಸೆಪ್ಟೆಂಬರ್ 9ರಂದು ಇಡೀ ಆಕಾಶ ಕಿತ್ತಳೆ ಬಣ್ಣಕ್ಕೆ ತಿರುಗಿತು. ಆದರೆ ಆವತ್ತು ಹೊಗೆ ಮೇಲೇ ಇತ್ತು, ಉಸಿರಾಡುವ ಗಾಳಿ ನಿಜವಾಗಿ ಕೆಟ್ಟದ್ದು ಆಮೇಲಿನ ದಿನಗಳಲ್ಲಿ. ಅಮೆರಿಕ ಸರ್ಕಾರದ ಏರ್‌ನೌ ಆಪ್‌ನಲ್ಲಿ ಎಕ್ಯೂಐ, ಅಂದರೆ ಗಾಳಿ ಎಷ್ಟು ಕೆಟ್ಟಿದೆ ಅಂತ ಹೇಳುವ ಅಂಕಿ, ನೋಡಿ. 100 ದಾಟಿದರೆ ಮಕ್ಕಳು, ವಯಸ್ಸಾದವರು, ಗರ್ಭಿಣಿಯರು, ಅಸ್ತಮಾ ಅಥವಾ ಹೃದಯದ ಕಾಯಿಲೆ ಇರುವವರು ಹುಷಾರು; 150 ದಾಟಿದರೆ ಎಲ್ಲರೂ. ಊರಿಂದ ಬಂದ ಅಪ್ಪ ಅಮ್ಮ ಬೆಳಗಿನ ವಾಕಿಂಗ್ ಬಿಡಲ್ಲ ಅಂತಾರೆ, ಗೊತ್ತು. ಅವರ ಫೋನಿಗೂ ಆಪ್ ಹಾಕಿಕೊಡಿ, ನಿಮ್ಮ ಮಾತು ಕೇಳದವರು ಕೆಂಪು ಬಣ್ಣದ ಮಾತು ಕೇಳಬಹುದು.

ಇಡೀ ಮನೆ ಶುದ್ಧ ಮಾಡಲು ಹೋಗಬೇಡಿ, ಆಗಲ್ಲ. ಒಂದು ಕೋಣೆ ಆರಿಸಿ. ಎಲ್ಲರೂ ಮಲಗುವಂಥದ್ದಾದರೆ ಒಳ್ಳೆಯದು. ಕಿಟಕಿ ಮುಚ್ಚಿ, ಬಾಗಿಲ ಸಂದಿಗೆ ಟವೆಲ್ ತುರುಕಿ, ಸಣ್ಣ ಕಣಗಳನ್ನೂ ಹಿಡಿಯುವ ಹೆಪಾ ಫಿಲ್ಟರ್ ಇರುವ ಏರ್ ಪ್ಯೂರಿಫೈಯರ್ ದಿನವಿಡೀ ಓಡಿಸಿ. ಹೊಗೆ ಬಂದ ಮೇಲೆ ಅಂಗಡಿಯಲ್ಲಿ ಅದು ಸಿಗುವುದು ಕಷ್ಟ. ಸಿಗದಿದ್ದರೆ 20 ಇಂಚಿನ ಬಾಕ್ಸ್ ಫ್ಯಾನ್, ಅದೇ ಅಳತೆಯ ನಾಲ್ಕು ಮರ್ವ್ 13 ದರ್ಜೆಯ ಗಾಳಿ ಫಿಲ್ಟರ್, ರಟ್ಟು, ಟೇಪ್ ತನ್ನಿ. ಫಿಲ್ಟರ್‌ಗಳೇ ನಾಲ್ಕು ಗೋಡೆ, ಕೆಳಗೆ ರಟ್ಟು, ಗಾಳಿ ಮೇಲಕ್ಕೆ ಬೀಸುವಂತೆ ಮೇಲೆ ಫ್ಯಾನ್. ಫಿಲ್ಟರ್ ಮೇಲಿನ ಬಾಣ ಒಳಕ್ಕೆ ತಿರುಗಿರಲಿ. ಹಳೇ ಫ್ಯಾನ್ ಬೇಡ, ಬಿಸಿಯಾಗುತ್ತದೆ. ಗಾಳಿ ಶುದ್ಧ ಮಾಡುತ್ತೆ ಅಂತ ಮಾರುವ, ಓಜೋನ್ ಬಿಡುವ ಯಂತ್ರಗಳನ್ನಂತೂ ತರಲೇಬೇಡಿ, ಓಜೋನ್ ಶ್ವಾಸಕೋಶಕ್ಕೆ ಕೆಟ್ಟದ್ದು.

ಈಗ ಅಡುಗೆಮನೆ. ಇಂಗ್ಲಿಷ್ ಸಲಹೆಗಳಲ್ಲಿ ಮೋಂಬತ್ತಿ ಹಚ್ಚಬೇಡಿ ಅಂತಿರುತ್ತೆ, ನಮ್ಮ ಮನೆಯಲ್ಲಿ ಮೋಂಬತ್ತಿ ಯಾರು ಹಚ್ತಾರೆ? ನಮ್ಮದು ಊದುಬತ್ತಿ, ಧೂಪ, ಕಾದ ಎಣ್ಣೆಗೆ ಬಿದ್ದ ಒಣಮೆಣಸಿನಕಾಯಿ. ಎಲ್ಲ ಕಿಟಕಿ ಮುಚ್ಚಿ ಒಂದು ಒಗ್ಗರಣೆ ಹಾಕಿದರೆ ಒಳಗಿನ ಗಾಳಿ ಸ್ವಲ್ಪ ಹೊತ್ತು ಹೊರಗಿಗಿಂತ ಕೆಟ್ಟದಾಗಬಹುದು. ಒಲೆ ಮೇಲಿನ ಚಿಮಣಿ ಕೂಡ ಸುಮಾರು ಅಪಾರ್ಟ್‌ಮೆಂಟ್‌ಗಳಲ್ಲಿ ಹೊಗೆಯನ್ನು ಸುಮ್ನೆ ಒಳಗೇ ತಿರುಗಿಸುತ್ತದೆ. ಹಾಗಾಗಿ ನಾಲ್ಕು ದಿನ ಇಡ್ಲಿ, ಮೊಸರನ್ನ, ಕೋಸಂಬರಿ, ಕುಕ್ಕರ್ ಅಡುಗೆ. ದೇವರಿಗೆ ಹೂವು ಸಾಕು. ಕಸ ಗುಡಿಸುವ ಬದಲು ಒದ್ದೆ ಬಟ್ಟೆಯಲ್ಲಿ ಒರೆಸಿ.

ಸೆಕೆ ತಡೆಯಲಾಗದಿದ್ದರೆ ಹೊಗೆಗಿಂತ ಬಿಸಿಲೇ ಅಪಾಯ. ಎಸಿ ಇರುವ ಲೈಬ್ರರಿಗೋ ಮಾಲ್‌ಗೋ ಹೋಗಿ. ಕಾರಿನಲ್ಲಿ ಒಳಗಿನ ಗಾಳಿಯೇ ಸುತ್ತುವ ಬಟನ್ ಒತ್ತಿ. ಹೊರಗೆ ಎನ್95 ಮಾತ್ರ, ಕರವಸ್ತ್ರವೂ ಸರ್ಜಿಕಲ್ ಮಾಸ್ಕೂ ಹೊಗೆಯ ಸಣ್ಣ ಕಣಗಳನ್ನು ಸರಿಯಾಗಿ ತಡೆಯಲ್ಲ, ಗಡ್ಡವಿದ್ದರೆ ಎನ್95 ಕೂಡ ಅಂಚಿನಲ್ಲಿ ಸೋರುತ್ತದೆ. ಎದೆ ಹಿಡಿದಂತಾದರೆ, ಉಸಿರಾಟ ಕಷ್ಟವಾದರೆ ಕಾಯಬೇಡಿ, 911ಕ್ಕೆ ಕರೆ ಮಾಡಿ.

ಗಾಳಿ ತಿರುಗಿ ಎಕ್ಯೂಐ 50ಕ್ಕಿಂತ ಇಳಿದ ಕೂಡಲೇ ಕಿಟಕಿಗಳನ್ನೆಲ್ಲ ತೆರೆಯಿರಿ, ನಡುರಾತ್ರಿಯಾದರೂ ಸರಿ. ಫಿಲ್ಟರ್ ಕಪ್ಪಾಗಿದ್ದರೆ ಬದಲಿಸಿ, ಇನ್ನೊಂದು ಜೊತೆ ತಂದಿಟ್ಟುಕೊಳ್ಳಿ.