ಸೋಮವಾರ ಬೆಳಿಗ್ಗೆಯ ಮೂಗು ಪರೀಕ್ಷೆ

ನಿಯಮ ಒಂದೇ ಸಾಲಿನದ್ದು. ಶಾಲೆಯ ಸಿಬ್ಬಂದಿ ಎರಡು ಡೋಸ್ ಲಸಿಕೆ ಹಾಕಿಸಿಕೊಂಡಿರಬೇಕು, ಇಲ್ಲವೇ ವಾರಕ್ಕೊಮ್ಮೆ ಕೊರೊನಾ ಟೆಸ್ಟ್ ಮಾಡಿಸಿಕೊಳ್ಳಬೇಕು. ಬರೆಯಲು ಐದು ನಿಮಿಷ ಹಿಡಿಯಿತು. ನಡೆಸಲು ಹೋದಾಗ ಒಂದು ವರ್ಷ ಪೂರ್ತಿ ಹೋಯಿತು.

ಆಗ ನಾನು ಶಾಲೆಯ ಆಡಳಿತ ನೋಡಿಕೊಳ್ಳುತ್ತಿದ್ದೆ. ಟೈಮ್‌ಟೇಬಲ್, ಬಸ್ಸು, ಸಂಬಳ, ಒಡೆದ ಕಿಟಕಿ ಎಲ್ಲ ನನ್ನ ಪಾಲಿನ ಕೆಲಸ. ಯಾರಿಗೂ ಸೇರದ ಕೆಲಸವೂ ನನ್ನದೇ. ಹಾಗಾಗಿ ಇದೂ ನನ್ನ ಮೇಜಿಗೆ ಬಂತು. ನಾನು ಡಾಕ್ಟರೂ ಅಲ್ಲ, ಲಾಯರೂ ಅಲ್ಲ. ಮಾಡಿದ ತಪ್ಪುಗಳಿಂದಲೇ ಕಲಿತದ್ದು ಜಾಸ್ತಿ. ಅವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಅದು 2021ರ ದ್ವಿತೀಯಾರ್ಧ. ಬೇರೆ ಬೇರೆ ಕಡೆ ಏನು ಮಾಡುತ್ತಿದ್ದಾರೆ ಅಂತ ಓದಿಕೊಂಡೆ. ಅಮೆರಿಕದ ಕ್ಯಾಲಿಫೋರ್ನಿಯಾ ಆ ಆಗಸ್ಟ್ 11ರಂದು ಇದೇ ರೀತಿಯ ನಿಯಮ ಪ್ರಕಟಿಸಿತ್ತು: ಲಸಿಕೆ, ಇಲ್ಲದಿದ್ದರೆ ವಾರಕ್ಕೊಂದು ಟೆಸ್ಟ್. ಇಟಲಿಯಲ್ಲಿ ಸೆಪ್ಟೆಂಬರ್ 1ರಿಂದ ಶಾಲಾ ಸಿಬ್ಬಂದಿ 'ಗ್ರೀನ್ ಪಾಸ್' ಅನ್ನುವ ಲಸಿಕೆ-ಟೆಸ್ಟ್ ಸರ್ಟಿಫಿಕೇಟ್ ತೋರಿಸಿಯೇ ಒಳಗೆ ಬರಬೇಕಿತ್ತು. ಲಸಿಕೆ ಇಲ್ಲದವರಿಗೆ ಟೆಸ್ಟ್ ರಿಪೋರ್ಟ್ 48 ಗಂಟೆಗಷ್ಟೇ ಚಾಲ್ತಿ. ಅಂದರೆ ಎರಡು ದಿನಕ್ಕೊಮ್ಮೆ ಮೂಗಿಗೆ ಕಡ್ಡಿ. ನ್ಯೂಜಿಲೆಂಡ್ ಇನ್ನೂ ಬಿಗಿ ಮಾಡಿತು, ಟೆಸ್ಟಿನ ದಾರಿಯನ್ನೇ ಬಿಡಲಿಲ್ಲ. ಮಕ್ಕಳ ಜೊತೆ ಕೆಲಸ ಮಾಡುವವರು ನವೆಂಬರ್ 15ರೊಳಗೆ ಮೊದಲ ಡೋಸ್, 2022ರ ಜನವರಿ 1ರೊಳಗೆ ಎರಡನೆಯದು ಹಾಕಿಸಿಕೊಂಡಿರಬೇಕು ಅಂತ ಗಡುವು ಕೊಟ್ಟಿತು. ನಮಗೆ ನಡುವಿನ ದಾರಿ ಸರಿ ಅನ್ನಿಸಿತು. ಯಾರನ್ನೂ ಕೆಲಸದಿಂದ ತೆಗೆಯುವುದು ಬೇಡ, ಮಕ್ಕಳನ್ನು ಅಪಾಯಕ್ಕೆ ತಳ್ಳುವುದೂ ಬೇಡ.

ಮೊದಲ ತಪ್ಪು ಪಟ್ಟಿ ಮಾಡುವಾಗಲೇ ಆಯಿತು. ಸಂಬಳದ ಪಟ್ಟಿಯನ್ನು ಎತ್ತಿಕೊಂಡೆ, 58 ಹೆಸರು. ಯಾಕೋ ಅನುಮಾನ ಬಂದು ಮರುದಿನ ಬೆಳಿಗ್ಗೆಯಿಂದ ಸಂಜೆವರೆಗೆ ಗೇಟಿನ ಹತ್ತಿರ ಕೂತು ಎಣಿಸಿದೆ. ಮಕ್ಕಳನ್ನು ಬಿಟ್ಟು ಒಳಗೆ ಬಂದವರು 71 ಜನ. ಆ 13 ಜನ ಯಾರು? ಗುತ್ತಿಗೆಯಲ್ಲಿದ್ದ ಬಸ್ ಚಾಲಕರು, ಕಸ ಗುಡಿಸುವವರು, ರಾತ್ರಿ ಕಾವಲಿನವರು, ವಾರಕ್ಕೆರಡು ದಿನ ಬರುವ ಸಂಗೀತದ ಮೇಷ್ಟ್ರು. ಇವರ ಸಂಬಳ ಬೇರೆ ಕಡೆಯಿಂದ ಬರುತ್ತಿತ್ತು, ಅದಕ್ಕೇ ಪಟ್ಟಿಯಲ್ಲಿರಲಿಲ್ಲ. ವೈರಸ್‌ಗೆ ಸಂಬಳದ ಪಟ್ಟಿ ಗೊತ್ತಿರುವುದಿಲ್ಲವಲ್ಲ. ನಲವತ್ತು ಮಕ್ಕಳ ಜೊತೆ ಒಂದು ಗಂಟೆ ಗಾಡಿಯಲ್ಲಿ ಕೂರುವ ಚಾಲಕನನ್ನು ಬಿಟ್ಟು, ಕಿಟಕಿ ತೆರೆದ ಕೋಣೆಯಲ್ಲಿ ಪಾಠ ಮಾಡುವ ಗಣಿತದ ಮೇಡಂಗೆ ಟೆಸ್ಟ್ ಮಾಡಿಸಿದರೆ ಏನು ಬಂತು?

ಸರ್ಟಿಫಿಕೇಟ್ ನೋಡುವ ಕೆಲಸ ನಾನೊಬ್ಬಳೇ ಮಾಡಿದೆ. ಪ್ರತಿ ಇಟ್ಟುಕೊಳ್ಳಲಿಲ್ಲ. ನೋಡುವುದು, ಕೋಡ್ ಸ್ಕ್ಯಾನ್ ಮಾಡುವುದು, ರಿಜಿಸ್ಟರಿನಲ್ಲಿ ಒಂದು ಗುರುತು ಹಾಕಿ ಎರಡನೇ ಡೋಸಿನ ತಾರೀಕು ಬರೆಯುವುದು, ಅಷ್ಟೇ. ಎರಡನೇ ಡೋಸ್ ಆಗಿ 14 ದಿನ ಕಳೆದ ಮೇಲೆ ಮಾತ್ರ 'ಪೂರ್ತಿ ಆಯಿತು' ಅಂತ ಲೆಕ್ಕ. ಆ ತಾರೀಕು ಇಲ್ಲದಿದ್ದರೆ ನಿನ್ನೆ ಸೂಜಿ ಚುಚ್ಚಿಸಿಕೊಂಡವರೂ ಇವತ್ತಿನಿಂದಲೇ ಟೆಸ್ಟ್ ಬೇಡ ಅಂತಿದ್ದರು. ರಿಜಿಸ್ಟರ್ ಡ್ರಾಯರಿನಲ್ಲಿ, ಬೀಗದ ಕೈ ನನ್ನ ಹತ್ತಿರ. ಒಬ್ಬರ ಕಾಗದ ಸ್ಕ್ಯಾನ್ ಮಾಡಿದರೆ ಬೇರೆ ಹೆಸರು ಬಂತು. ಅವರು ತಲೆ ತಗ್ಗಿಸಿ, "ನಮ್ಮ ತಮ್ಮಂದು ಮೇಡಂ" ಅಂದರು. ನಾನು ಕಾಗದ ವಾಪಸ್ ಕೊಟ್ಟು, "ಸೋಮವಾರ ಏಳೂವರೆಗೆ ಟೆಸ್ಟಿಗೆ ಬನ್ನಿ" ಅಂದೆ. ಯಾರಿಗೂ ಹೇಳಲಿಲ್ಲ. ಹೇಳಬೇಕಿತ್ತು ಅನ್ನುವವರು ಇರಬಹುದು. ಆದರೆ ನನಗೆ ಬೇಕಾಗಿದ್ದದ್ದು ಅವರ ಮೂಗು, ಅವರ ಮಾನ ಅಲ್ಲ.

ಮೊದಲ ದಿನದ ಲೆಕ್ಕದಲ್ಲಿ 71ರಲ್ಲಿ 49 ಜನರದ್ದು ಪೂರ್ತಿ ಆಗಿತ್ತು. ಉಳಿದ 22 ಜನರ ಬಗ್ಗೆ ಸ್ಟಾಫ್ ರೂಮಿನಲ್ಲಿ ಒಂದೇ ಮಾತು: ಅವರು ಹಟಮಾರಿಗಳು. ಒಬ್ಬೊಬ್ಬರನ್ನೇ ಕೂರಿಸಿ ಮಾತಾಡಿದಾಗ ಹಟ ಹಿಡಿದವರು ನಾಲ್ಕೈದು ಜನ ಇದ್ದರೇನೋ. ಜಾಸ್ತಿ ಜನರ ತೊಂದರೆ ಬೇರೆಯೇ. ಲಸಿಕೆ ಹಾಕಿಸಿಕೊಂಡ ಮರುದಿನ ಜ್ವರ, ಮೈಕೈ ನೋವು ಬರಬಹುದು. ದಿನಗೂಲಿಯವರಿಗೆ ಆ ದಿನ ಸಂಬಳ ಇಲ್ಲ. ಅವರು ಯಾಕೆ ಹೋಗುತ್ತಾರೆ? ಚುಚ್ಚಿಸಿಕೊಂಡ ದಿನ ಮತ್ತು ಮರುದಿನ ಸಂಬಳದ ಜೊತೆ ರಜೆ ಅಂತ ಮಾಡಿಸಿದೆ, ಗುತ್ತಿಗೆಯವರಿಗೂ ಸೇರಿಸಿ. ಅದನ್ನು ಒಪ್ಪಿಸಲು ಮೂರು ಮೀಟಿಂಗ್ ಬೇಕಾಯಿತು. ಒಪ್ಪಿದ ವಾರವೇ ಏಳು ಜನ ಹೋಗಿ ಹಾಕಿಸಿಕೊಂಡು ಬಂದರು. ನಾನು ಅಂಟಿಸಿದ ಯಾವ ಪೋಸ್ಟರೂ ಅಷ್ಟು ಕೆಲಸ ಮಾಡಿರಲಿಲ್ಲ.

ಆದರೆ ಇಲ್ಲೂ ಒಂದು ಎಡವಟ್ಟು. ಆ ಏಳರಲ್ಲಿ ನಾಲ್ವರು ಒಂದೇ ತರಗತಿಗೆ ಪಾಠ ಮಾಡುವವರು. ಒಂದೇ ದಿನ ನಾಲ್ವರಿಗೂ ಜ್ವರ. ಆ ತರಗತಿಗೆ ಆಟದ ಮೇಷ್ಟ್ರು ಇಡೀ ದಿನ ಅಂತ್ಯಾಕ್ಷರಿ ಆಡಿಸಿದರು. ಆಮೇಲಿಂದ ಶುಕ್ರವಾರ ಮಾತ್ರ, ಒಂದು ತರಗತಿಯಿಂದ ಒಬ್ಬರು ಮಾತ್ರ ಅಂತ ಸರದಿ ಹಾಕಿದೆ.

ಗರ್ಭಿಣಿ ಶಿಕ್ಷಕಿ ಒಬ್ಬರಿದ್ದರು. ಅವರ ಭಯವನ್ನು ಸುಮ್ನೆ ಅಂತ ತಳ್ಳಿಹಾಕುವ ಹಾಗಿರಲಿಲ್ಲ. ಲಸಿಕೆಗಳ ಮೊದಲ ದೊಡ್ಡ ಪ್ರಯೋಗಗಳಲ್ಲಿ ಗರ್ಭಿಣಿಯರನ್ನು ಸೇರಿಸಿಕೊಂಡಿರಲಿಲ್ಲ. ಅವರು ಅದನ್ನು ಓದಿದ್ದರು, ನಾನು ಓದಿರಲಿಲ್ಲ. ಡಾಕ್ಟರೊಬ್ಬರನ್ನು ಕರೆಸಿ ಬೇಕಾದವರಿಗೆಲ್ಲ ಬಾಗಿಲು ಹಾಕಿಕೊಂಡು ಹತ್ತು ಹತ್ತು ನಿಮಿಷ ಮಾತಾಡಲು ವ್ಯವಸ್ಥೆ ಮಾಡಿದೆ. ಒಳಗೆ ಏನು ಮಾತಾಯಿತು ಅಂತ ನಾನು ಕೇಳಲಿಲ್ಲ. ಗರ್ಭಿಣಿಯರಿಗೆ ಕೊರೊನಾ ಬಂದರೆ ಅದು ತೀವ್ರವಾಗುವ ಅಪಾಯ ಜಾಸ್ತಿ ಅಂತ ಡಾಕ್ಟರ್ ಹೇಳಿದ್ದನ್ನು ಆ ಶಿಕ್ಷಕಿಯೇ ನನಗೆ ಆಮೇಲೆ ಹೇಳಿದರು. ಎರಡು ವಾರ ಯೋಚಿಸಿ ಹಾಕಿಸಿಕೊಂಡರು.

ಎರಡು ತಿಂಗಳು ಕಳೆಯುವ ಹೊತ್ತಿಗೆ ಉಳಿದವರು ಎಂಟು ಜನ. ಅವರಲ್ಲಿ ಒಬ್ಬರಿಗೆ ಮೊದಲ ಡೋಸ್ ತಗೊಂಡ ಹತ್ತು ನಿಮಿಷಕ್ಕೆ ಮುಖ ಊದಿ ಉಸಿರು ಕಟ್ಟಿತ್ತು. ಎರಡನೆಯದು ಬೇಡ ಅಂತ ಡಾಕ್ಟರೇ ಬರೆದುಕೊಟ್ಟಿದ್ದರು. ಉಳಿದವರ ಕಾರಣ ಕೇಳುವುದನ್ನು ನಾನು ನಿಲ್ಲಿಸಿದೆ. ಟೆಸ್ಟಿಗೆ ಬಂದರೆ ಸಾಕು.

ಇನ್ನು ಟೆಸ್ಟ್. ಮೊದಲ ಸೋಮವಾರ ಸ್ಟಾಫ್ ರೂಮಿನ ಬಾಗಿಲ ಪಕ್ಕ ಮೇಜು ಹಾಕಿಸಿದೆ, ಬೆಳಕು ಚೆನ್ನಾಗಿದೆ ಅಂತ. ನನ್ನ ದೊಡ್ಡ ತಪ್ಪು ಇದೇ. ಟೆಸ್ಟಿಗೆ ಬರಬೇಕಿದ್ದವರೆಲ್ಲ ಸಾಲಾಗಿ ನಿಂತರು. ಹಾದು ಹೋಗುವವರೆಲ್ಲ ನೋಡಿದರು. ಬೇಗ ಬಂದಿದ್ದ ಒಬ್ಬ ಹುಡುಗಿ, ಮೂರನೇ ತರಗತಿಯವಳು, ಅಲರ್ಜಿ ಆಗಿದ್ದ ಶಿಕ್ಷಕಿಯ ಹತ್ತಿರ ಹೋಗಿ, "ಮಿಸ್, ನೀವು ಇಂಜೆಕ್ಷನ್ ತಗೊಂಡಿಲ್ವಾ? ನನ್ನ ಪಕ್ಕ ಬರ್ಬೇಡಿ" ಅಂದಳು. ಆ ಶಿಕ್ಷಕಿ ನಕ್ಕರು. ಆಮೇಲೆ ಹತ್ತು ನಿಮಿಷ ಬಾತ್‌ರೂಮಿನಿಂದ ಆಚೆ ಬರಲಿಲ್ಲ. ರಿಜಿಸ್ಟರನ್ನು ಬೀಗ ಹಾಕಿ ಇಟ್ಟಿದ್ದೆ, ಅದರಲ್ಲಿದ್ದ ಗುಟ್ಟನ್ನು ಬಾಗಿಲ ಮುಂದೆ ಸಾಲಾಗಿ ನಿಲ್ಲಿಸಿದ್ದೆ.

ಮುಂದಿನ ವಾರದಿಂದ ಮೇಜು ಹಿಂದಿನ ಉಗ್ರಾಣದ ಕೋಣೆಗೆ ಹೋಯಿತು. ಹಿಂಬಾಗಿಲಿನಿಂದ ಬಂದು ಹೋಗಬಹುದು. ಅವರ ಜೊತೆಗೆ ಲಸಿಕೆ ಆದವರಿಂದಲೂ ಚೀಟಿ ಎತ್ತಿ ಹತ್ತು ಜನರನ್ನು ಪ್ರತಿ ವಾರ ಸೇರಿಸಿದೆ. ನಾನೂ ಪ್ರತಿ ಸೋಮವಾರ ಮಾಡಿಸಿಕೊಂಡೆ. ಆಗ ಯಾರು ಯಾಕೆ ಬಂದಿದ್ದಾರೆ ಅಂತ ಹೇಳಲು ಯಾರಿಂದಲೂ ಆಗುತ್ತಿರಲಿಲ್ಲ. ಹತ್ತು ಕಿಟ್ ಹೆಚ್ಚು ಖರ್ಚಾಯಿತು. ಆಗಲಿ ಬಿಡಿ.

ನಾವು ಬಳಸಿದ್ದು ಆಂಟಿಜೆನ್ ಕಿಟ್. ಲ್ಯಾಬಿನಲ್ಲಿ ಮಾಡುವ ಆರ್‌ಟಿಪಿಸಿಆರ್ (ಪಿಸಿಆರ್) ಹೆಚ್ಚು ಸೂಕ್ಷ್ಮ, ನಿಜ. ಆದರೆ ರಿಪೋರ್ಟ್ ಬರಲು ಒಂದೆರಡು ದಿನ. ಅಷ್ಟರಲ್ಲಿ ಆ ಮನುಷ್ಯ ಆರು ತರಗತಿಗೆ ಪಾಠ ಮಾಡಿ ಆಗಿರುತ್ತದೆ. ಆಂಟಿಜೆನ್ ಹದಿನೈದು ನಿಮಿಷದಲ್ಲಿ ಹೇಳುತ್ತದೆ, ಮೈಯಲ್ಲಿ ವೈರಸ್ ಜಾಸ್ತಿ ಇದ್ದಾಗ ಚೆನ್ನಾಗಿಯೇ ಹಿಡಿಯುತ್ತದೆ. ಆದರೆ ಕೈ ಸರಿ ಇರಬೇಕು. ಹತ್ತಿ ಕಡ್ಡಿಯನ್ನು ಮೂಗಿನ ತುದಿಗೆ ಸುಮ್ನೆ ಮುಟ್ಟಿಸಿ ತೆಗೆದರೆ ಏನೂ ಬರುವುದಿಲ್ಲ. ಒಳಗೋಡೆಗೆ ತಾಗಿಸಿ ಐದು ಸುತ್ತು, ಆಮೇಲೆ ಅದೇ ಕಡ್ಡಿಯಲ್ಲಿ ಇನ್ನೊಂದು ಹೊಳ್ಳೆ. ಕಣ್ಣಲ್ಲಿ ನೀರು ಬರುತ್ತದೆ. ಕಡ್ಡಿಯನ್ನು ದ್ರಾವಣದಲ್ಲಿ ತಿರುಗಿಸಿ, ಕೊಳವೆಯನ್ನು ಹಿಂಡುತ್ತಾ ಹೊರಗೆಳೆಯಬೇಕು. ಆಮೇಲೆ ಕಿಟ್ಟಿನ ಟೆಸ್ಟ್ ಪಟ್ಟಿಯ ಮೇಲೆ ಹನಿ ಹಾಕಿ ಗಡಿಯಾರ ನೋಡುತ್ತಾ ಕಾಯುವುದು. ಸಿ ಗೆರೆ ಬರದಿದ್ದರೆ ಕಿಟ್ಟೇ ಕೆಟ್ಟಿದೆ, ಇನ್ನೊಮ್ಮೆ ಮಾಡಬೇಕು. ಟಿ ಗೆರೆ ಎಷ್ಟೇ ಮಸುಕಾಗಿದ್ದರೂ ಅದು ಪಾಸಿಟಿವ್ ಅಂತಲೇ ಲೆಕ್ಕ. ಅರ್ಧ ಗಂಟೆ ಬಿಟ್ಟು ನೋಡಿದರೆ ಇಲ್ಲದ ಗೆರೆಯೂ ಕಾಣಬಹುದು. ಒಮ್ಮೆ ಫೋನಿನಲ್ಲಿ ಮಾತಾಡುತ್ತಾ ಮರೆತು, ಮುಕ್ಕಾಲು ಗಂಟೆ ಆದ ಮೇಲೆ ನೋಡಿ ಒಬ್ಬರನ್ನು ಸುಮ್ನೆ ಹೆದರಿಸಿಬಿಟ್ಟೆ. ಮರುದಿನವೇ ಅಲಾರಾಂ ಇರುವ ಟೈಮರ್ ತಂದಿಟ್ಟೆ. ಇನ್ನೊಂದು ಸಲ ಕಿಟ್ ಪೆಟ್ಟಿಗೆ ಎರಡು ದಿನ ಬಿಸಿಲಲ್ಲಿ ನಿಂತ ಕಾರಿನಲ್ಲೇ ಉಳಿಯಿತು. 30 ಡಿಗ್ರಿಗಿಂತ ಬಿಸಿ ತಾಗಬಾರದು ಅಂತ ಪೆಟ್ಟಿಗೆ ಮೇಲೇ ಬರೆದಿತ್ತು. ಅಷ್ಟನ್ನೂ ಎಸೆದೆ.

ಮೊದಲ ಪಾಸಿಟಿವ್ ಬಂದದ್ದು ಏಳು ಗಂಟೆ ನಲವತ್ತು ನಿಮಿಷಕ್ಕೆ. ಎಂಟು ಜನರಲ್ಲಿ ಒಬ್ಬರದಲ್ಲ, ಚೀಟಿ ಎತ್ತಿ ಸೇರಿಸಿದವರಲ್ಲಿ ಒಬ್ಬರದು. ಎರಡೂ ಡೋಸ್ ಆಗಿ ಆರು ತಿಂಗಳಾಗಿತ್ತು. ಕೆಮ್ಮಿಲ್ಲ, ಜ್ವರ ಇಲ್ಲ. ಅವರು ಪಟ್ಟಿಯನ್ನೇ ನೋಡುತ್ತಾ, "ಇದು ನಂದಾ? ಅದಲು ಬದಲಾಗಿಲ್ಲ ತಾನೇ?" ಅಂತ ಮೂರು ಸಲ ಕೇಳಿದರು. ಪಟ್ಟಿಯ ಹಿಂದೆ ಪೆನ್ಸಿಲಿನಲ್ಲಿ ಹೆಸರಿನ ಮೊದಲಕ್ಷರ ಬರೆಯುವ ಅಭ್ಯಾಸ ಇಟ್ಟುಕೊಂಡಿದ್ದೆ, ಅದನ್ನು ತಿರುಗಿಸಿ ತೋರಿಸಿದೆ. ಪಿಸಿಆರ್ ಕೂಡ ಪಾಸಿಟಿವ್ ಬಂತು. ಚೀಟಿ ಎತ್ತಿದ್ದು ಅಲರ್ಜಿ ಆಗಿದ್ದ ಶಿಕ್ಷಕಿಯ ಮಾನ ಉಳಿಸಲಿಕ್ಕೆ. ರೋಗ ಸಿಕ್ಕಿದ್ದೂ ಅದರಿಂದಲೇ.

ಅಲ್ಲಿಗೆ ನಮ್ಮ ಒಂದೇ ಸಾಲಿನ ನಿಯಮ ಅಲುಗಾಡಿತು. 'ಲಸಿಕೆ ಇಲ್ಲವೇ ಟೆಸ್ಟ್' ಅನ್ನುವಾಗ ಎರಡೂ ಒಂದೇ ಕೆಲಸ ಮಾಡುತ್ತವೆ ಅಂತ ಅಂದುಕೊಂಡಿದ್ದೆವು. ಹಾಗಲ್ಲ. ಲಸಿಕೆ ಹಾಕಿಸಿಕೊಂಡವರನ್ನು ಅದು ಆಸ್ಪತ್ರೆ ಸೇರುವುದರಿಂದ, ಸಾಯುವುದರಿಂದ ಕಾಯುತ್ತದೆ. ಸೋಂಕು ತಗಲದ ಹಾಗೆ ತಡೆಯುವ ಶಕ್ತಿ ಮಾತ್ರ ತಿಂಗಳುಗಳಲ್ಲಿ ಇಳಿಯುತ್ತದೆ. ಟೆಸ್ಟ್ ಯಾರ ಮೈಯನ್ನೂ ಕಾಯುವುದಿಲ್ಲ, ಇವತ್ತು ಯಾರು ಮನೆಯಲ್ಲಿರಬೇಕು ಅಂತಷ್ಟೇ ಹೇಳುತ್ತದೆ. 2021ರ ನವೆಂಬರ್ 26ರಂದು ವಿಶ್ವ ಆರೋಗ್ಯ ಸಂಸ್ಥೆ ಓಮಿಕ್ರಾನ್ ಅಂತ ಹೆಸರಿಟ್ಟ ರೂಪ ಬಂದ ಮೇಲೆ ಈ ವ್ಯತ್ಯಾಸ ಎಲ್ಲರಿಗೂ ಕಂಡಿತು. ಅದು ಎರಡು ಡೋಸ್ ಆದವರಿಗೂ ಸಲೀಸಾಗಿ ತಗಲುತ್ತಿತ್ತು. ತಗಲಿದ ಮೂರೇ ದಿನಕ್ಕೆ ಲಕ್ಷಣ ಕಾಣಿಸುತ್ತಿತ್ತು. ವಾರಕ್ಕೊಂದು ಟೆಸ್ಟ್ ಅಂದರೆ ಮಂಗಳವಾರ ತಗಲಿಸಿಕೊಂಡವರು ಮುಂದಿನ ಸೋಮವಾರದೊಳಗೆ ಹಂಚಿ ಮುಗಿಸಿರುತ್ತಾರೆ. ನಿಯಮ ಬದಲಿಸಿದೆವು: ಲಸಿಕೆ ಆಗಿರಲಿ ಬಿಡಲಿ, ಎಲ್ಲರಿಗೂ ಸೋಮವಾರ ಮತ್ತು ಗುರುವಾರ. ಇಂಗ್ಲೆಂಡಿನ ಶಾಲೆಗಳಲ್ಲಿ ವಾರಕ್ಕೆರಡು ಸಲ ಮನೆಯಲ್ಲೇ ಟೆಸ್ಟ್ ಮಾಡಿಕೊಳ್ಳುವ ಪದ್ಧತಿ ಆಗಲೇ ನಡೆಯುತ್ತಿತ್ತು. ನಾವೂ ಕಿಟ್ ಮನೆಗೆ ಕೊಟ್ಟೆವು, ಪಟ್ಟಿಯ ಫೋಟೋ ನನಗೆ ಕಳಿಸಬೇಕು ಅಂತ. ಕೆಲವರು ಹಳೇ ಫೋಟೋ ಕಳಿಸಿದರು. ಪಟ್ಟಿಯ ಪಕ್ಕ ಆ ದಿನದ ತಾರೀಕು ಬರೆದಿಡಿ ಅಂದ ಮೇಲೆ ಅದು ನಿಂತಿತು.

ಗುಣವಾಗಿ ಬಂದವರದು ಇನ್ನೊಂದು ಗೋಳು. ಒಬ್ಬರನ್ನು ಪಿಸಿಆರ್ ನೆಗೆಟಿವ್ ಬರುವವರೆಗೆ ಬರಬಾರದು ಅಂತ ನಾನೇ ಹೇಳಿ, ಪಾಪ, ಐದು ವಾರ ಮನೆಯಲ್ಲಿ ಕೂರಿಸಿದೆ. ಗುಣವಾದ ಎಷ್ಟೋ ವಾರಗಳ ನಂತರವೂ ಸತ್ತ ವೈರಸ್ಸಿನ ಚೂರುಗಳಿಂದ ಪಿಸಿಆರ್ ಪಾಸಿಟಿವ್ ತೋರಿಸಬಹುದು ಅಂತ ಆಮೇಲೆ ಗೊತ್ತಾಯಿತು. ಅವರ ರಜೆ ಎಲ್ಲ ಅದರಲ್ಲೇ ಹೋಗಿತ್ತು. ಸಂಬಳ ಕೊಡಿಸಿದೆ, ರಜೆ ವಾಪಸ್ ಕೊಡಿಸಲು ಆಗಲಿಲ್ಲ.

ಇಬ್ಬರು ಕೆಲಸ ಬಿಟ್ಟರು. ಒಬ್ಬರು ಮೊದಲ ದಿನವೇ ರಾಜೀನಾಮೆ ಬರೆದಿಟ್ಟು ಹೋದರು. ಲಸಿಕೆಯೂ ಬೇಡ, ಟೆಸ್ಟೂ ಬೇಡ, ಇದು ನನ್ನ ಮೈ ಅಂದರು. ಅವರ ಮಾತಿನಲ್ಲಿ ಹುರುಳಿಲ್ಲ ಅಂತ ನಾನು ಹೇಳಲಾರೆ. 2022ರ ಮೇ 2ರಂದು ಭಾರತದ ಸುಪ್ರೀಂ ಕೋರ್ಟ್ ಕೂಡ ಯಾರಿಗೂ ಬಲವಂತವಾಗಿ ಲಸಿಕೆ ಹಾಕುವಂತಿಲ್ಲ ಅಂತ ಹೇಳಿತು. ಆದರೆ ಟೆಸ್ಟ್ ವಿಷಯದಲ್ಲಿ ನಾನು ಬಗ್ಗುತ್ತಿರಲಿಲ್ಲ, ಇವತ್ತೂ ಬಗ್ಗುವುದಿಲ್ಲ. ಇನ್ನೊಬ್ಬರು ಬಿಟ್ಟದ್ದು ಸ್ಟಾಫ್ ರೂಮಿನ ಚುಚ್ಚುಮಾತಿಗೆ. ಅದನ್ನು ನಾನು ಮೊದಲೇ ನಿಲ್ಲಿಸಬಹುದಿತ್ತು. ಪಟ್ಟಿ, ಕಿಟ್ಟು, ಟೈಮರ್ ನೋಡುವುದರಲ್ಲಿ ಅದು ಕಿವಿಗೆ ಬೀಳಲೇ ಇಲ್ಲ.

ಟೆಸ್ಟ್ ನಿಲ್ಲಿಸಿದ ದಿನ ರಿಜಿಸ್ಟರನ್ನು ಹಾಳೆ ಹಾಳೆಯಾಗಿ ಹರಿದು ನಾಶ ಮಾಡಿದೆ. ಮಾಡುತ್ತೇನೆ ಅಂತ ಮೊದಲೇ ಎಲ್ಲರಿಗೂ ಮಾತು ಕೊಟ್ಟಿದ್ದೆ. ತಮ್ಮನ ಕಾಗದ ತಂದಿದ್ದವರು ಆಗ ಬಾಗಿಲಲ್ಲಿ ನಿಂತಿದ್ದರು. ಅವರು ನಮ್ಮ ಬಸ್ ಚಾಲಕರು. ಒಂದು ಸೋಮವಾರವೂ ತಪ್ಪಿಸಿರಲಿಲ್ಲ, ಒಮ್ಮೆಯೂ ಪಾಸಿಟಿವ್ ಬಂದಿರಲಿಲ್ಲ. ನನಗೆ ಮಾತ್ರ ಎರಡು ಡೋಸ್ ಆಗಿಯೂ ಒಮ್ಮೆ ಬಂದಿತ್ತು. ಈಗಲೂ ಸೋಮವಾರ ಬೆಳಿಗ್ಗೆ ಗೇಟಿನಲ್ಲಿ ಸಿಕ್ಕಿದರೆ ಅವರು ಗಾಡಿ ನಿಧಾನ ಮಾಡಿ, ತಲೆ ಹಿಂದಕ್ಕೆ ವಾಲಿಸಿ, "ಬೇಕಾ ಮೇಡಂ ಮೂಗು?" ಅಂತಾರೆ.