ಕಿಮೊ ಮುಗಿದ ಮೇಲೆ ಕೆಂಬೆಳಕಿನ ಹೆಲ್ಮೆಟ್ ಬಳಸುವ ಕ್ರಮ

ಕಿಮೊಥೆರಪಿಯ ಮೊದಲ ಡೋಸ್ ಆಗಿ ಎರಡು ಮೂರು ವಾರಗಳಲ್ಲಿ ದಿಂಬಿನ ಮೇಲೂ ಬಚ್ಚಲಿನ ಜಾಲರಿಯಲ್ಲೂ ಕೂದಲು ಕಾಣತೊಡಗಿದಾಗ, ಮಡಿಕೇರಿ, ವಿರಾಜಪೇಟೆಗಳಿಂದ ಚಿಕಿತ್ಸೆಗೆಂದು ಮೈಸೂರಿಗೋ ಮಂಗಳೂರಿಗೋ ಓಡಾಡುವವರು ಕೂದಲ ಬುಡವನ್ನು ಚುರುಕುಗೊಳಿಸಲೆಂದು ಒಳಗೆ ಕೆಂಪು ದೀಪಗಳನ್ನು ಜೋಡಿಸಿದ ಕೆಂಬೆಳಕಿನ ಹೆಲ್ಮೆಟ್ ತೊಟ್ಟರೆ ಇದು ನಿಂತೀತೇ ಎಂದು ಕೇಳುತ್ತಾರೆ. ನಿಲ್ಲುವುದಿಲ್ಲ. ಬೇಗಬೇಗನೆ ವಿಭಜನೆಯಾಗುವ ಕೋಶಗಳನ್ನು ಹುಡುಕಿ ಹೊಡೆಯುವ ಔಷಧಿ ಕೂದಲ ಬುಡದ ಕೋಶಗಳನ್ನೂ ಬಿಡದು. ಉದುರುವುದನ್ನು ತಕ್ಕಮಟ್ಟಿಗೆ ತಡೆಯಬಲ್ಲದ್ದೆಂದರೆ ಕಿಮೊ ಔಷಧಿಯನ್ನು ರಕ್ತನಾಳಕ್ಕೆ ಏರಿಸುವಾಗಲೇ ನೆತ್ತಿಯನ್ನು ತಣ್ಣಗಿಡುವ ಟೋಪಿ, ಅದೂ ಎಲ್ಲ ಕ್ಯಾನ್ಸರಿಗೆ ಹೊಂದುವುದಿಲ್ಲ. ಬೆಳಕಿನ ಸರದಿ ಬರುವುದು ಕಿಮೊ ಮುಗಿದ ಮೇಲೆ.

ಆಗಲೂ ಆಸೆಗೆ ಅಳತೆ ಇರಲಿ. ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2007ರಲ್ಲಿ ಇದೇ ಬಗೆಯ ಕೆಂಬೆಳಕಿನ ಲೇಸರ್ ಬಾಚಣಿಗೆಗೆ ಒಪ್ಪಿಗೆ ಕೊಟ್ಟದ್ದು ವಂಶಪಾರಂಪರ್ಯದ ಬೋಳುತನಕ್ಕೆ. ಕಿಮೊ ಕೊಟ್ಟ ಇಲಿಗಳಲ್ಲಿ ಕೂದಲು ಬೇಗ ಮರಳಿದೆಯಾದರೂ ಮನುಷ್ಯರ ಮೇಲಿನ ಅಧ್ಯಯನಗಳು ಚಿಕ್ಕವು. ಬೆಳಕಿಲ್ಲದೆಯೂ ಹೆಚ್ಚಿನವರಿಗೆ ಮೂರರಿಂದ ಆರು ತಿಂಗಳಲ್ಲಿ ಕೂದಲು ಬಂದೇ ಬರುತ್ತದೆ.

ಮೊದಲು ಕ್ಯಾನ್ಸರ್ ವೈದ್ಯರ ಒಪ್ಪಿಗೆ ಪಡೆಯಿರಿ. ನೆತ್ತಿಯಲ್ಲಿ ಗಡ್ಡೆಯಿದ್ದರೆ, ಚರ್ಮದ ಕ್ಯಾನ್ಸರ್ ಆಗಿದ್ದರೆ, ಹುಣ್ಣು ಮಾಗದಿದ್ದರೆ ಇದನ್ನು ಬಳಸಬಾರದು. ಮೆಥೊಟ್ರೆಕ್ಸೇಟ್, ಡಾಕ್ಸಿಸೈಕ್ಲಿನ್‌ನಂತೆ ಚರ್ಮವನ್ನು ಬೆಳಕಿಗೆ ಸೂಕ್ಷ್ಮವಾಗಿಸುವ ಔಷಧಿಗಳು ನಡೆಯುತ್ತಿದ್ದರೆ ಅದನ್ನೂ ತಿಳಿಸಿ. ಕೊಳ್ಳುವಾಗ ಡಬ್ಬಿಯ ಮೇಲೆ 630ರಿಂದ 670 ನ್ಯಾನೋಮೀಟರ್ ತರಂಗಾಂತರ ನಮೂದಾಗಿದೆಯೇ ನೋಡಿ. ಮಂಡಿನೋವಿಗೆ ಶಾಖ ಕೊಡುವ ಕೆಂಪು ಬಲ್ಬ್ ಇದಲ್ಲ. ಅದನ್ನು ತಲೆಗೆ ಹಿಡಿದರೆ ಎಳೆಯ ನೆತ್ತಿ ಸುಟ್ಟೀತು.

ತಲೆಯನ್ನು ಸೌಮ್ಯ ಶಾಂಪೂವಿನಲ್ಲಿ ತೊಳೆದು ಪೂರ್ತಿ ಒಣಗಿಸಿ, ಎಣ್ಣೆ ಹಚ್ಚದೆ, ಚಿಗುರಿದ ಕೂದಲಿದ್ದರೆ ಬೈತಲೆ ತೆಗೆದು ಬೆಳಕು ನೇರವಾಗಿ ಚರ್ಮಕ್ಕೆ ತಾಗುವಂತೆ ಹೆಲ್ಮೆಟ್ ತೊಡಿ, ದೀಪಗಳನ್ನು ದಿಟ್ಟಿಸಬೇಡಿ. ಸಾಮಾನ್ಯವಾಗಿ ದಿನ ಬಿಟ್ಟು ದಿನ, ನಿಮ್ಮ ಯಂತ್ರದ ಕೈಪಿಡಿ ಹೇಳಿದಷ್ಟೇ ನಿಮಿಷ ಸಾಕು. ಬೇಗ ಬರಲೆಂದು ಹೊತ್ತು ಹೆಚ್ಚಿಸುವವರನ್ನು ಕಂಡಿದ್ದೇನೆ. ಈ ಚಿಕಿತ್ಸೆಯಲ್ಲಿ ಅತಿಯಾದ ಬೆಳಕು ಕೋಶವನ್ನು ಉತ್ತೇಜಿಸುವ ಬದಲು ಕುಗ್ಗಿಸುತ್ತದೆ. ಉರಿ, ಕೆಂಪು, ಗುಳ್ಳೆ ಕಂಡರೆ ನಿಲ್ಲಿಸಿ.

ಕೊಡಗಿನಲ್ಲಿ ಒಂದು ತೊಡಕು ಮಳೆಗಾಲ. ಜೂನ್‌ನಿಂದ ಕರೆಂಟು ನೆಚ್ಚಲಾಗದು, ಮುಚ್ಚಿಟ್ಟ ವಸ್ತುವಿಗೆಲ್ಲ ಬೂಷ್ಟು ಹಿಡಿಯುತ್ತದೆ. ಆದ್ದರಿಂದ ಬ್ಯಾಟರಿಯಿಂದ ನಡೆಯುವ ಯಂತ್ರವನ್ನು ಆರಿಸಿ, ಪ್ರತಿ ಬಾರಿ ಬಳಸಿದ ಮೇಲೆ ಒಳಗಿನ ಸ್ಪಂಜನ್ನು ಒಣಬಟ್ಟೆಯಿಂದ ಒರೆಸಿ, ಒಲೆಯ ತೀರಾ ಹತ್ತಿರವಿಡದೆ ಗಾಳಿಯಾಡುವಲ್ಲಿ ಇಡಿ. ರೋಗನಿರೋಧಕ ಶಕ್ತಿ ಕುಂದಿರುವಾಗ ಒಬ್ಬರ ಹೆಲ್ಮೆಟ್ಟನ್ನು ಇನ್ನೊಬ್ಬರು ತೊಡುವುದು ಬೇಡ.

ತಿಂಗಳಿಗೊಮ್ಮೆ ಅದೇ ಕಿಟಕಿಯ ಪಕ್ಕ, ಅದೇ ಬೆಳಕಿನಲ್ಲಿ ನೆತ್ತಿಯ ಫೋಟೋ ತೆಗೆದಿಡಿ. ಹೊಸ ಕೂದಲು ಮೊದಲು ಹತ್ತಿಯಂತೆ ಮೃದುವಾಗಿ, ಕೆಲವೊಮ್ಮೆ ಗುಂಗುರಾಗಿ, ಬೇರೆ ಬಣ್ಣದಲ್ಲೂ ಬಂದೀತು. ಹೊರಗೆ ಹೋಗುವಾಗ ಕೊಡವ ಹೆಂಗಸರು ಕಟ್ಟುವ ವಸ್ತ್ರದಂತಹ ಹತ್ತಿಯ ತಲೆಬಟ್ಟೆ ವಿಗ್ಗಿಗಿಂತ ಹಿತ. ಆರು ತಿಂಗಳಾದರೂ ನೆತ್ತಿ ನುಣುಪಾಗಿಯೇ ಉಳಿದರೆ ಆ ಫೋಟೋಗಳನ್ನು ಚರ್ಮವೈದ್ಯರಿಗೆ ತೋರಿಸಿ. ಡೊಸಿಟಾಕ್ಸೆಲ್‌ನಂತಹ ಕಿಮೊ ಔಷಧಿಯಿಂದ ಅಪರೂಪಕ್ಕೆ ಕೂದಲು ಶಾಶ್ವತವಾಗಿ ತೆಳ್ಳಗಾಗುವುದುಂಟು, ಹಾಗಾದಾಗ ಬೇರೆ ಚಿಕಿತ್ಸೆ ಬೇಕಾಗುತ್ತದೆ.