ಮಂಡಿ ನೋವೇ? ಚಿಪ್ಪು ಬದಲಿಸುವ ಮೊದಲು ಇಷ್ಟು ಮಾಡಿ

ಅಕ್ಕನ ಹಳೇ ಚಪ್ಪಲಿ ತಿರುಗಿಸಿ ನೋಡಿದೆ. ಎರಡರದ್ದೂ ಹೊರ ಅಂಚು ಪೂರ್ತಿ ಸವೆದಿತ್ತು, ಒಳ ಅಂಚು ಹಾಗೇ ಇತ್ತು. ಗಂಗಾವತಿ ಕಡೆ ಭತ್ತ ನಾಟಿ ಮಾಡಿಕೊಂಡು ಬಂದವಳು. ಮನೆಗೆ ಬಂದರೆ ನೆಲದ ಮೇಲೆ ಕೂತು ರೊಟ್ಟಿ ಬಡಿಯಬೇಕು. ವಯಸ್ಸು 48, ಮಂಡಿಯ ಒಳಬದಿ ವಿಪರೀತ ನೋವು. ‘ಚಿಪ್ಪು ಬದ್ಲಿ ಮಾಡಬೇಕಂತವ್ವಾ’ ಎಂದು ಓಣಿಯವರೆಲ್ಲ ಹೆದರಿಸಿದ್ದರು. ಕೊನೆಗೆ ಅವಳಿಗೆ ಆಗಿದ್ದು ಬೇರೆಯೇ ಆಪರೇಷನ್. ಮಂಡಿಯನ್ನು ಉಳಿಸಿಕೊಂಡು, ಅದರ ಕೆಳಗಿನ ಕಣಕಾಲ ಮೂಳೆಯನ್ನು ನೇರ ಮಾಡಿದರು.

ಮೊದಲು ಮನೆಯಲ್ಲೇ ನೋಡಿಕೊಳ್ಳಿ. ಹಿಮ್ಮಡಿ ಜೋಡಿಸಿ ನೆಟ್ಟಗೆ ನಿಲ್ಲಿ. ಎರಡು ಮಂಡಿಗಳ ನಡುವೆ ಮುಷ್ಟಿ ತೂರುವಷ್ಟು ಜಾಗ ಇದ್ದರೆ ಕಾಲು ಬಿಲ್ಲಿನ ಹಾಗೆ ಬಾಗಿದೆ. ಚಪ್ಪಲಿಯ ಹೊರ ಅಂಚು ಸವೆಯುವುದೂ ಇದರ ಸುಳಿವಿರಬಹುದು. ಆಗ ಮೈಭಾರ ಜಾಸ್ತಿ ಬೀಳುವುದು ಕೀಲಿನ ಒಳ ಅರ್ಧದ ಮೇಲೆ. ಮೂಳೆ ತುದಿಯ ಮೆತ್ತನೆ ಪದರ ಅಲ್ಲೇ ಸವೆಯುತ್ತದೆ, ಹೊರ ಅರ್ಧ ಚೆನ್ನಾಗೇ ಉಳಿದಿರಬಹುದು.

ಆಮೇಲೆ ಎಕ್ಸ್‌ರೇ. ಇಲ್ಲಿ ದಯವಿಟ್ಟು ಎಚ್ಚರ ಇರಲಿ. ನಾವು ಮೊದಲು ಹೋದ ಕಡೆ ಅಕ್ಕನನ್ನು ಮಲಗಿಸಿ ಬರೀ ಮಂಡಿಯದ್ದು ತೆಗೆದರು. ಮಲಗಿದಾಗ ಮಂಡಿ ಮೇಲೆ ಭಾರ ಎಲ್ಲಿರುತ್ತದೆ? ಸವೆತ ಸರಿಯಾಗಿ ಕಾಣಲೇ ಇಲ್ಲ. ದುಡ್ಡೂ ಹೋಯಿತು, ಒಂದು ದಿನದ ಕೂಲಿಯೂ ಹೋಯಿತು. ನಿಂತುಕೊಂಡು, ಸೊಂಟದ ಕೀಲಿನಿಂದ ಪಾದದ ಕೀಲಿನವರೆಗೆ ಎರಡೂ ಕಾಲಿನ ಎಕ್ಸ್‌ರೇ ಬೇಕು. ಕಾಲು ಎಷ್ಟು ಬಾಗಿದೆ ಎಂದು ಡಾಕ್ಟರು ಅಳೆಯುವುದು ಅದರಲ್ಲೇ.

‘ಸವೆತ ಒಳಬದಿ ಮಾತ್ರವಾ, ಇಡೀ ಮಂಡಿಯದ್ದಾ?’ ಎಂದು ಡಾಕ್ಟರನ್ನು ನೇರವಾಗಿ ಕೇಳಿ. ಒಳಬದಿ ಮಾತ್ರ ಸವೆದು, ವಯಸ್ಸು ಸುಮಾರು 60ರ ಒಳಗಿದ್ದು, ಮಂಡಿ ಚೆನ್ನಾಗಿ ಮಡಚುತ್ತಿದ್ದರೆ ಮೂಳೆ ನೇರ ಮಾಡುವ ದಾರಿ ಇದೆ. ಇಡೀ ಕೀಲು ಸವೆದಿದ್ದರೆ ಮಂಡಿ ಬದಲಾವಣೆಯೇ ಸರಿ. ಜನ ‘ಚಿಪ್ಪು ಬದ್ಲಿ’ ಎನ್ನುವುದು ಇದನ್ನೇ, ಆದರೆ ಇದರಲ್ಲಿ ಚಿಪ್ಪನ್ನು ಕಿತ್ತು ಹಾಕುವುದಿಲ್ಲ. ಸವೆದ ಮೂಳೆ ತುದಿಗಳಿಗೆ ಲೋಹದ ಕವಚ ಹಾಕಿ, ನಡುವೆ ಗಟ್ಟಿ ಪ್ಲಾಸ್ಟಿಕ್ ಇಡುತ್ತಾರೆ. ಈ ಬಿಡಿಭಾಗಗಳ ಬೆಲೆಗೆ ಕೇಂದ್ರ ಸರ್ಕಾರ 2017ರಲ್ಲೇ ಮಿತಿ ಹಾಕಿದೆ, ಬಿಲ್ಲಿನಲ್ಲಿ ಅದನ್ನು ಬೇರೆಯಾಗಿ ಬರೆಸಿಕೊಳ್ಳಿ.

ಮೂಳೆ ನೇರ ಮಾಡುವಾಗ ಸಾಮಾನ್ಯವಾಗಿ ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸೊಂಟದ ಕೆಳಗೆ ಮರಗಟ್ಟಿಸುತ್ತಾರೆ. ಮಂಡಿಗಿಂತ ಸ್ವಲ್ಪ ಕೆಳಗೆ, ಒಳಬದಿಯಿಂದ ಮೂಳೆ ಕೊಯ್ಯುತ್ತಾರೆ. ಹೊರ ಅಂಚನ್ನು ಮಾತ್ರ ಹಾಗೇ ಬಿಡುತ್ತಾರೆ, ಅದು ಬಾಗಿಲ ತಿರುಗಣಿ ಇದ್ದ ಹಾಗೆ. ಕೊಯ್ದ ಸಂದನ್ನು ಕೆಲವು ಮಿಲಿಮೀಟರ್ ಅಗಲಿಸಿ ಪ್ಲೇಟು, ಸ್ಕ್ರೂ ಬಿಗಿಯುತ್ತಾರೆ. ಭಾರ ಹೊರಬದಿಗೆ ಸರಿಯುತ್ತದೆ.

ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಸರ್ಕಾರಿ ಮೆಡಿಕಲ್ ಕಾಲೇಜು ಇದೆ. ಎಲುಬು-ಕೀಲು ವಿಭಾಗದಲ್ಲಿ ಈ ಆಪರೇಷನ್ ಮಾಡುತ್ತಾರಾ, ಆಯುಷ್ಮಾನ್ ಯೋಜನೆಗೆ ಬರುತ್ತದಾ ಎಂದು ಮೊದಲೇ ವಿಚಾರಿಸಿ. ರೇಷನ್ ಕಾರ್ಡು, ಆಧಾರ್ ಜೊತೆಗಿರಲಿ.

ಹೋಗುವ ಮೊದಲೇ ಬೀಡಿ, ಗುಟ್ಕಾ ಬಿಡಲೇಬೇಕು. ತಂಬಾಕಿನಿಂದ ಮೂಳೆ ಕೂಡುವುದು ತಡವಾಗುತ್ತದೆ. ಶುಗರ್ ಹತೋಟಿಗೆ ಬರಲಿ. ಮನೆಗೆ ಒಂದು ಕಮೋಡ್ ಕುರ್ಚಿ ತಂದಿಡಿ.

ನಿಜವಾದ ಕೆಲಸ ಆಮೇಲಿನದು. ಮೊದಲ ಆರು ವಾರ ವಾಕರ್ ಹಿಡಿದು, ಡಾಕ್ಟರು ಹೇಳಿದಷ್ಟೇ ಭಾರ ಊರಬೇಕು. ಮೂಳೆ ಕೂಡಲು ಮೂರು ತಿಂಗಳಾದರೂ ಬೇಕು. ಮಂಡಿಯ ಕೆಳಗೆ ದಿಂಬು ಇಡಬೇಡಿ. ಹಾಯೆನಿಸುತ್ತದೆ ನಿಜ, ಆದರೆ ಕಾಲು ಮಡಚಿದಂತೆಯೇ ಬಿಗಿದುಕೊಳ್ಳುತ್ತದೆ. ಹಿಮ್ಮಡಿಯ ಕೆಳಗೆ ಮಡಚಿದ ಟವೆಲ್ ಇಡಿ. ಎಚ್ಚರ ಇದ್ದಾಗೆಲ್ಲ ಪಾದವನ್ನು ಮೇಲೆ ಕೆಳಗೆ ಆಡಿಸುತ್ತಿರಿ, ರಕ್ತ ಹೆಪ್ಪುಗಟ್ಟುವ ಅಪಾಯ ಕಡಿಮೆಯಾಗುತ್ತದೆ. ರೊಟ್ಟಿಯನ್ನು ಕಟ್ಟೆ ಮೇಲೆ ನಿಂತೇ ಬಡಿಯುವುದನ್ನು ಅಕ್ಕ ಕಲಿತಳು.

ಮೀನಖಂಡ ಊದಿಕೊಂಡು ನೋಯುತ್ತಿದ್ದರೆ, ಜ್ವರ ಬಂದರೆ, ಹೊಲಿಗೆಯಿಂದ ಕೀವು ಬಂದರೆ, ಏದುಸಿರು ಬಂದರೆ ಬೆಳಗಾಗಲಿ ಎಂದು ಕಾಯಬೇಡಿ. ರಾತ್ರಿಯೇ ಆಸ್ಪತ್ರೆಗೆ ಹೊರಡಿ.